ಅಂಗಡಿಯಲ್ಲಿ ಸಿಗುವ ಅಮಲು



ಮಾದಕ ವಸ್ತುಗಳ ಬಗ್ಗೆ ಮಾತನಾಡಬೇಕೆಂದು ಆಕಾಶವಾಣಿಯವರು ಕೇಳಿದಾಗ ನಾನು ಒಂದು ಕೋರಿಕೆ ಮುಂದಿಟ್ಟೆ. ಗಾಂಜಾ, ಅಫೀಮು, ಬ್ರೌನ್ ಶುಗರ್ ಬಗ್ಗೆ ಪೊಲೀಸರು ಹೇಳುತ್ತಾರೆ, ಪತ್ರಿಕೆಗಳು ಬರೆಯುತ್ತವೆ. ಯಾವ ಪೊಲೀಸರೂ ಹಿಡಿಯದ, ಬೀದಿ ಬದಿಯಲ್ಲೇ ಸಿಗುವ ಅಮಲಿನ ಬಗ್ಗೆ ಮಾತನಾಡಲು ಬಿಡಿ ಎಂದೆ. ಅವರು ಒಪ್ಪಿದರು. ಕಾಫಿ ಟೀ, ಬೀಡಿ ಸಿಗರೇಟು, ಎಲೆ ಅಡಿಕೆ, ಮದ್ಯ. ಮಿದುಳಿನ ಮೇಲೆ ಕೆಲಸ ಮಾಡುವ ವಸ್ತುಗಳಲ್ಲಿ ಜಗತ್ತಿನ ಜನ ಅತಿ ಹೆಚ್ಚಾಗಿ ಬಳಸುವುದು ಈ ನಾಲ್ಕನ್ನೇ. 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿ ಇವು ಯಾವುವೂ ಇಲ್ಲ. ವೈದ್ಯನಾಗಿ ನಾನು ನೋಡುವ ವಾರ್ಡಿನ ಹಾಸಿಗೆಗಳನ್ನು ತುಂಬಿಸುವುದು ಮಾತ್ರ ಪಟ್ಟಿಯಲ್ಲಿಲ್ಲದ ಇವೇ.

ಕಾಫಿಯಿಂದ ಶುರು ಮಾಡುತ್ತೇನೆ. ಈ ನಾಲ್ಕರಲ್ಲಿ ನಾನು ಸಮಾಧಾನದಿಂದ ಮಾತನಾಡಬಹುದಾದದ್ದು ಅದೊಂದೇ. ಬಾಬಾ ಬುಡನ್ ಅವರು ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬ ಕಥೆ ನಿಮಗೆಲ್ಲ ಗೊತ್ತಿದೆ. ಇವತ್ತು ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನಗಳಿಂದಲೇ ಬರುತ್ತದೆ. ಆ ಬೀಜದೊಳಗಿನ ಕೆಫೀನನ್ನು 1819ರಲ್ಲಿ ಬೇರ್ಪಡಿಸಿದವರು ಜರ್ಮನಿಯ ರಸಾಯನ ವಿಜ್ಞಾನಿ ರುಂಗೆ. ಅವರ ಕೈಗೆ ಕಾಫಿ ಬೀಜ ಕೊಟ್ಟು, ಇದರಲ್ಲೇನಿದೆ ನೋಡಿ ಎಂದು ಕಳಿಸಿದವರು ಮಹಾಕವಿ ಗಯಟೆ.

ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ನರಕೋಶಗಳ ಮೇಲೆ ಅದಕ್ಕೆಂದೇ ಇರುವ ಜಾಗಗಳಲ್ಲಿ ಅದು ಕೂರುತ್ತಿದ್ದಂತೆ ಕಣ್ಣು ಎಳೆಯುತ್ತದೆ, ಆಕಳಿಕೆ ಬರುತ್ತದೆ. ಕೆಫೀನ್ ಹೋಗಿ ಆ ಜಾಗಗಳನ್ನು ಹಿಡಿದುಬಿಡುತ್ತದೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿಗೆ ಟವೆಲು ಹಾಕುತ್ತಾರಲ್ಲ, ಹಾಗೆ. ಟವೆಲು ಪ್ರಯಾಣ ಮಾಡುವುದಿಲ್ಲ, ಇನ್ನೊಬ್ಬರು ಕೂರದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಹಾಗಾಗಿ ಕಾಫಿಯಿಂದ ಹೊಸ ಶಕ್ತಿ ಬರುತ್ತದೆ ಎಂದುಕೊಳ್ಳಬೇಡಿ. ಆಯಾಸ ಒಳಗೇ ಇರುತ್ತದೆ, ಅದು ನಮಗೆ ತಿಳಿಯುವುದು ತಡವಾಗುತ್ತದೆ. ರಕ್ತದಲ್ಲಿನ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 5ಕ್ಕೆ ಕುಡಿದದ್ದರಲ್ಲಿ ಅರ್ಧದಷ್ಟು ರಾತ್ರಿ 10ಕ್ಕೂ ಮೈಯಲ್ಲೇ ಇರುತ್ತದೆ. ನಿದ್ದೆ ಬರುವುದಿಲ್ಲ ಎಂದು ಮಾತ್ರೆ ಕೇಳಿಕೊಂಡು ಬರುವ ಹಿರಿಯರಿಗೆ ನಾನು ಮೊದಲು ಕೇಳುವ ಪ್ರಶ್ನೆ, ಕೊನೆಯ ಕಾಫಿ ಎಷ್ಟು ಗಂಟೆಗೆ ಎಂದು. ಬಸುರಿಯರಲ್ಲಿ, ಅದರಲ್ಲೂ ದಿನ ತುಂಬುವ ಹೊತ್ತಿಗೆ, ಈ 5 ಗಂಟೆ 15ರವರೆಗೂ ಹೋಗುತ್ತದೆ. ಕೆಫೀನ್ ಮಗುವಿಗೂ ದಾಟುತ್ತದೆ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ, ಬಸುರಿಯರಿಗೆ 200ರೊಳಗೆ ಎಂಬುದು ತಜ್ಞರು ಒಪ್ಪಿರುವ ಮಿತಿ. ಒಂದು ಲೋಟ ಹದವಾದ ಕಾಫಿಯಲ್ಲಿ 80ರಿಂದ 100 ಮಿಲಿಗ್ರಾಂ, ಟೀಯಲ್ಲಿ ಅದರ ಅರ್ಧದಷ್ಟು ಇರುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಇನ್ನೊಂದು ಮಾತು ಹೆಣ್ಣುಮಕ್ಕಳಿಗೆ: ರಕ್ತಹೀನತೆಗೆ ಕೊಟ್ಟ ಕಬ್ಬಿಣದ ಮಾತ್ರೆಯನ್ನು ದಯವಿಟ್ಟು ಟೀ ಕಾಫಿ ಜೊತೆ ನುಂಗಬೇಡಿ. ಅವುಗಳ ಒಗರು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ.

ಉಪವಾಸದ ದಿನ ಮಧ್ಯಾಹ್ನದ ಹೊತ್ತಿಗೆ ಬರುವ ತಲೆನೋವು, ರಂಜಾನ್ ತಿಂಗಳ ಮೊದಲೆರಡು ದಿನದ ತಲೆಭಾರ, ಇವು ಎಷ್ಟೋ ಸಲ ಹಸಿವಿನವಲ್ಲ. ದಿನವೂ ಕಾಫಿ ಬರುತ್ತದೆ ಎಂದು ಗೊತ್ತಾದ ಮಿದುಳು ಅಡಿನೋಸಿನ್‌ಗೆ ಇನ್ನಷ್ಟು ಜಾಗ ಮಾಡಿಟ್ಟಿರುತ್ತದೆ. ಕಾಫಿ ತಪ್ಪಿದ ದಿನ ಆ ಜಾಗವೆಲ್ಲ ಒಮ್ಮೆಲೇ ತುಂಬಿಕೊಳ್ಳುತ್ತದೆ. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ. ಹೊರಗಿನ ವಸ್ತುವೊಂದು ದಿನವೂ ಬಂದು ಮಿದುಳನ್ನು ಒಂದು ದಿಕ್ಕಿಗೆ ತಳ್ಳಿದರೆ ಮಿದುಳು ಸುಮ್ಮನಿರುವುದಿಲ್ಲ. ತಾನೂ ಎದುರು ದಿಕ್ಕಿಗೆ ಒತ್ತಿ ಸರಿಮಾಡಿಕೊಳ್ಳುತ್ತದೆ. ಆಗ ಮೊದಲಿನಷ್ಟೇ ತೆಗೆದುಕೊಂಡರೆ ಏನೂ ಅನ್ನಿಸುವುದಿಲ್ಲ, ಹೆಚ್ಚು ಬೇಕಾಗುತ್ತದೆ. ಬಿಟ್ಟರೆ ಮಿದುಳು ಒತ್ತಿಕೊಂಡಿದ್ದ ಒತ್ತಡವೊಂದೇ ಉಳಿದು ಮನುಷ್ಯನನ್ನು ಕಾಡುತ್ತದೆ. ಕಾಫಿಯಲ್ಲಿ ಇದು ಒಂದು ವಾರದ ತಲೆನೋವಿಗೆ ಮುಗಿಯುತ್ತದೆ. ಉಳಿದವುಗಳಲ್ಲಿ ಮುಗಿಯುವುದಿಲ್ಲ.

ಬೀಡಿ, ಸಿಗರೇಟು. ಪೋರ್ಚುಗಲ್‌ನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜೀನ್ ನಿಕೋ ಎಂಬಾತ 1560ರಲ್ಲಿ ತಂಬಾಕನ್ನು ಔಷಧಿ ಎಂದೇ ತನ್ನ ದೇಶದ ಅರಮನೆಗೆ ಕಳಿಸಿದ. ನಿಕೋಟಿನ್‌ಗೆ ಆ ಹೆಸರು ಅವನಿಂದಲೇ ಬಂತು. ದಮ್ಮು ಎಳೆದ 10ರಿಂದ 20 ಸೆಕೆಂಡಿನಲ್ಲಿ ನಿಕೋಟಿನ್ ಮಿದುಳಿನಲ್ಲಿರುತ್ತದೆ. ಅಲ್ಲಿ ಡೋಪಮಿನ್ ಸುರಿಸಿ, ಇದನ್ನು ಮತ್ತೆ ಮಾಡು ಎಂದು ಕಲಿಸುತ್ತದೆ. ಎರಡು ಗಂಟೆಯಲ್ಲಿ ಅದರ ಅರ್ಧ ಇಳಿದುಹೋಗುವುದರಿಂದ ಮತ್ತೆ ಕೈ ಜೇಬಿಗೆ ಹೋಗುತ್ತದೆ. ಟೆನ್ಷನ್ ಕಡಿಮೆಯಾಗಲಿ ಅಂತ ಸೇದ್ತೀನಿ ಸಾರ್ ಎನ್ನುವವರು ಬಹಳ. ಅವರು ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಕಡಿಮೆಯಾಗುತ್ತದೆ. ಆದರೆ ಕಡಿಮೆಯಾಗುವುದು ಹಿಂದಿನ ಬೀಡಿ ಇಳಿದದ್ದರಿಂದ ಹುಟ್ಟಿದ ಚಡಪಡಿಕೆ. ಬಿಟ್ಟು ಕೆಲವು ವಾರ ಕಳೆದವರನ್ನು ಕೇಳಿ, ಸೇದುತ್ತಿದ್ದಾಗಿನದಕ್ಕಿಂತ ಮನಸ್ಸು ಹಗುರವಾಗಿದೆ ಎನ್ನುತ್ತಾರೆ.

ಹಿಡಿದುಕೊಳ್ಳುವುದು ನಿಕೋಟಿನ್, ಕೊಲ್ಲುವುದು ಹೆಚ್ಚಾಗಿ ಹೊಗೆ. ಆ ಹೊಗೆಯಲ್ಲಿ 7000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅದರಲ್ಲಿ 70ರಷ್ಟು ಕ್ಯಾನ್ಸರ್ ತರುವಂಥವು. ಬೀಡಿ ಎಲೆಯದ್ದಲ್ಲವೇ, ಸಿಗರೇಟಿನಷ್ಟು ಕೆಟ್ಟದ್ದಲ್ಲ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಬೀಡಿ ಬೇಗ ಆರುತ್ತದೆ, ಆರದಿರಲೆಂದು ಪದೇ ಪದೇ, ಜೋರಾಗಿ ಎಳೆಯಬೇಕು. ಟಾರು, ಕಾರ್ಬನ್ ಮಾನಾಕ್ಸೈಡು ಯಾವುದರಲ್ಲೂ ಅದು ಸಿಗರೇಟಿಗೆ ಕಡಿಮೆಯಿಲ್ಲ. ಕಾಲ್ಬೆರಳು ಕಪ್ಪಾಗಿ, ರಾತ್ರಿಯೆಲ್ಲ ಕಾಲು ಇಳಿಬಿಟ್ಟುಕೊಂಡು ಕೂತೇ ಬೆಳಗು ಮಾಡುವ ಮೂವತ್ತೈದು ನಲವತ್ತರ ಗಂಡಸರು ನಮ್ಮಲ್ಲಿಗೆ ಬರುತ್ತಾರೆ. ಸಕ್ಕರೆ ಕಾಯಿಲೆ ಇರುವುದಿಲ್ಲ. ಬರ್ಗರ್ ಕಾಯಿಲೆ ಎಂದು ಹೆಸರು. ತಂಬಾಕಿನಿಂದ ಕೈಕಾಲಿನ ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ಪೂರ್ತಿ ಬಿಟ್ಟವರ ಕಾಲು ಹೆಚ್ಚಾಗಿ ಉಳಿಯುತ್ತದೆ. ದಿನಕ್ಕೆ ಒಂದೇ ಎರಡೇ ಎಂದು ಮುಂದುವರಿಸಿದವರ ಬೆರಳು, ಆಮೇಲೆ ಪಾದ, ಆಮೇಲೆ ಮೊಣಕಾಲು, ಒಂದೊಂದಾಗಿ ಕತ್ತರಿಸಬೇಕಾಗಿ ಬರುತ್ತದೆ. ಬಿಡುವುದಕ್ಕಿಂತ ಒಳ್ಳೆಯ ಔಷಧಿ ಈ ಕಾಯಿಲೆಗೆ ಇಲ್ಲ. ಬಿಟ್ಟರೆ ದೇಹ ಬೇಗ ಸ್ಪಂದಿಸುತ್ತದೆ ಎಂಬುದೂ ಅಷ್ಟೇ ನಿಜ. ಒಂದು ವರ್ಷ ಬಿಟ್ಟವರಿಗೆ, ಸೇದುವುದರಿಂದ ಹೆಚ್ಚಿದ್ದ ಹೃದಯಾಘಾತದ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ.

2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಮಂದಿ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ದೇಶದಲ್ಲಿ ಸೇದುವವರಿಗಿಂತ ಬಾಯಿಗೆ ಹಾಕಿಕೊಳ್ಳುವವರೇ ಸುಮಾರು ಎರಡು ಪಟ್ಟು. ಇಲ್ಲಿಂದ ಮಾತು ಎಲೆ ಅಡಿಕೆಗೆ ಬರುತ್ತದೆ. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ, ಮುಚ್ಚಿಡುವುದಿಲ್ಲ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಶಿವಮೊಗ್ಗ, ಶಿರಸಿ, ಪುತ್ತೂರು, ಚನ್ನಗಿರಿ ಕಡೆ ಎಷ್ಟೋ ಮನೆಗಳ ಮಕ್ಕಳ ಓದು, ಹೆಣ್ಣುಮಕ್ಕಳ ಮದುವೆ, ಆಸ್ಪತ್ರೆಯ ಖರ್ಚು ಎಲ್ಲವೂ ಅಡಿಕೆಯಿಂದಲೇ ನಡೆದಿವೆ. ಕೊಳೆರೋಗಕ್ಕೆ ಹೆದರಿ ಮಳೆಯಲ್ಲೂ ಮರ ಹತ್ತಿ ಔಷಧಿ ಹೊಡೆಸುವ ಬೆಳೆಗಾರರ ಕಷ್ಟ ನನಗೆ ಗೊತ್ತು. ತಾಂಬೂಲ ಕೊಡದೆ ನಮ್ಮಲ್ಲಿ ಒಂದು ಶುಭಕಾರ್ಯವೂ ನಡೆಯುವುದಿಲ್ಲ. ಹಾಗೆಂದು ವೈದ್ಯರು ಸುಮ್ಮನಿದ್ದರೆ ತಪ್ಪಾಗುತ್ತದೆ.

ಅಭ್ಯಾಸವಿಲ್ಲದವರು ಹಸಿ ಅಡಿಕೆ ಹಾಕಿದರೆ ಸೊಕ್ಕುತ್ತದೆ. ಕಿವಿ ಬಿಸಿಯಾಗುತ್ತದೆ, ಹಣೆಯಲ್ಲಿ ಬೆವರು, ಎದೆ ಡವಡವ, ತಲೆ ಗಿರ್ರೆನ್ನುತ್ತದೆ. ಇದನ್ನೆಲ್ಲ ಮಾಡುವುದು ಅರಿಕೋಲಿನ್ ಎಂಬ ವಸ್ತು. ಅದು ನರಗಳ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್‌ನ ಜಾಗಗಳಲ್ಲಿ ಕೂತು ಕೆಲಸ ಮಾಡುತ್ತದೆ. ನಿಕೋಟಿನ್ ಹೋಗಿ ಕೂರುವುದೂ ಇವುಗಳಲ್ಲೇ ಕೆಲವುಗಳಲ್ಲಿ. ಹಾಗಾಗಿ ಅಡಿಕೆಗೂ ಚಟವಿದೆ, ಜೊತೆಗೆ ತಂಬಾಕು ಇರಲೇಬೇಕೆಂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ವರದಿಯಲ್ಲಿ ತಂಬಾಕಿಲ್ಲದ ಎಲೆ ಅಡಿಕೆಯನ್ನೂ, ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ನಾನು ತಂಬಾಕು ಹಾಕಲ್ಲ, ಬರೀ ಅಡಿಕೆ ಎನ್ನುವವರ ಸಮಾಧಾನಕ್ಕೆ ಆಧಾರವಿಲ್ಲ.

ಲಾರಿ ಓಡಿಸುವ ಹುಡುಗನೊಬ್ಬ ಹೊಟ್ಟೆನೋವೆಂದು ಬಂದ. ಇನ್ನೂ ಮೀಸೆ ಸರಿಯಾಗಿ ದಪ್ಪವಾಗದ ವಯಸ್ಸು. ನಾಲಿಗೆ ತೋರಿಸಪ್ಪಾ ಎಂದೆ. ನಾಲಿಗೆಯ ತುದಿ ಮಾತ್ರ ಬಂತು. ಬಾಯಿ ತೆರೆ ಎಂದರೆ ತೆರೆದೇ ಇದೀನಲ್ಲ ಸಾರ್ ಎಂದ. ಕೆನ್ನೆಯ ಒಳಭಾಗ ಬಿಳಿಚಿಕೊಂಡು ಹಲಗೆಯಂತಾಗಿತ್ತು, ಬೆರಳಾಡಿಸಿದರೆ ಪಟ್ಟಿಗಳು ಸಿಗುತ್ತಿದ್ದವು. ಸಾರು ಖಾರ ಅನ್ನಿಸೋಕೆ ಶುರುವಾಗಿ ಯಾವ ಕಾಲವಾಯಿತು ಎಂದು ಕೇಳಿದೆ. ಅವನಿಗೆ ಆಶ್ಚರ್ಯ. ಅಮ್ಮ ಮಾಡಿದ ಸಾರು ಉಣ್ಣಲಾಗದೆ ಮೊಸರನ್ನ ತಿಂದುಕೊಂಡಿದ್ದ, ಅಮ್ಮ ಖಾರ ಹೆಚ್ಚು ಹಾಕ್ತಾರೆ ಎಂದು ಜಗಳವಾಡುತ್ತಿದ್ದ. ಪಾನ್ ಮಸಾಲ ಪೊಟ್ಟಣ ಹಾಕಿ ದವಡೆಯಲ್ಲಿಟ್ಟುಕೊಳ್ಳುವ ಅಭ್ಯಾಸ ಹೈಸ್ಕೂಲಿನಿಂದಲೇ ಬಂದದ್ದು, ಈಗ ರಾತ್ರಿ ಗಾಡಿ ಓಡಿಸುವಾಗ ನಿದ್ದೆ ಬರದಿರಲೆಂದು ಹಾಕುತ್ತಿದ್ದ. ಅಡಿಕೆಯಲ್ಲಿರುವ ತಾಮ್ರದ ಅಂಶ ಮತ್ತು ಅರಿಕೋಲಿನ್ ಎರಡೂ ಸೇರಿ ಕೆನ್ನೆಯ ಚರ್ಮದಡಿ ನಾರನ್ನು ಬೆಳೆಸುತ್ತಾ, ಬಿಗಿಸುತ್ತಾ ಹೋಗುತ್ತವೆ. 1952ರಲ್ಲೇ ವೈದ್ಯರು ವಿವರಿಸಿದ ಕಾಯಿಲೆ ಇದು. ಬಿಟ್ಟರೆ ಮುಂದುವರಿಯುವುದು ತಗ್ಗಬಹುದು, ಬಿಗಿದ ನಾರು ಮೊದಲಿನಂತಾಗುವುದಿಲ್ಲ. ಇಂಥ ಕೆಲವು ಬಾಯಿಗಳಲ್ಲಿ ಮುಂದೆ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ.

ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಆಮೇಲೆ ಅಡಿಕೆಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಇನ್ನೊಂದು ಎಂದು ಜೋಡಿಯಾಗಿ ಮಾರಾಟ ಶುರುವಾಯಿತು. ಬೆರೆಸುವ ಕೆಲಸವನ್ನು ಕೊಂಡವರೇ ಅಂಗೈಯಲ್ಲಿ ಮಾಡಿಕೊಳ್ಳುತ್ತಾರೆ. ಈ ನುಣುಚಾಟ ಎಲ್ಲರ ಕಣ್ಣೆದುರೇ ನಡೆಯುತ್ತಿರುವುದು ನನಗೆ ತೀರಾ ನೋವಿನ ಸಂಗತಿ. ಮದುವೆ ಊಟದ ಮೇಲೆ ಒಂದು ಎಲೆ ಹಾಕಿಕೊಂಡ ಅಜ್ಜಿಯನ್ನು ಹೆದರಿಸಲು ನಾನು ಬಂದಿಲ್ಲ. ಎಷ್ಟು ಸಲ, ಎಷ್ಟು ಹೊತ್ತು, ಎಷ್ಟು ವರ್ಷ ಎಂಬುದರ ಮೇಲೆ ಅಪಾಯ ಏರುತ್ತದೆ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ, ಮೇಲಿನ ಕೆಳಗಿನ ಮುಂಬಲ್ಲುಗಳ ನಡುವೆ ಹಿಡಿಸುತ್ತವೆಯೇ ನೋಡಿ. ಹಿಡಿಸದಿದ್ದರೆ ಹಲ್ಲಿನ ಡಾಕ್ಟರ ಬಳಿಗೆ ಹೋಗಿ.

ಇನ್ನು ಮದ್ಯ. ಉಳಿದ ಮೂರಕ್ಕಿಂತ ಹೆಚ್ಚು ಹೊತ್ತು ಇದಕ್ಕೆ ಬೇಕು.

ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರ ಜುಲೈ 1ರಂದು. ಅದರ ಜಾಗಕ್ಕೆ ಬಂದದ್ದು ಅಗ್ಗದ ವಿಸ್ಕಿ, ಬ್ರಾಂದಿ, ರಮ್ಮಿನ 90 ಮಿಲಿಲೀಟರ್ ಪೊಟ್ಟಣ. ಜನರ ಬಾಯಲ್ಲಿ ಅದು ನೈಂಟಿ. ಒಂದು ನೈಂಟಿಯಲ್ಲಿ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, ಒಂದು ಕ್ವಾರ್ಟರಿನಲ್ಲಿ 60 ಗ್ರಾಂ. ಆರೋಗ್ಯವಾಗಿರುವ ಯಕೃತ್ತು ಗಂಟೆಗೆ ಕರಗಿಸುವುದು 7ರಿಂದ 10 ಗ್ರಾಂ. ನಿಂಬೆಹಣ್ಣು, ಮಜ್ಜಿಗೆ, ತಣ್ಣೀರು, ಕಾಫಿ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ 11ಕ್ಕೆ ಕ್ವಾರ್ಟರ್ ಮುಗಿಸಿ ಮಲಗಿದವರು ಬೆಳಿಗ್ಗೆ 5ಕ್ಕೆ ಬೈಕು ಹತ್ತಿದರೆ ರಕ್ತದಲ್ಲಿ ಇನ್ನೂ ಆಲ್ಕೋಹಾಲ್ ಇರಬಹುದು. ನೆನ್ನೆ ಕುಡಿದದ್ದಲ್ಲವೇ ಎನ್ನುವವರು ಇದನ್ನು ಲೆಕ್ಕ ಹಾಕಿ ನೋಡಿ. ಬೀರು ಹಗುರ ಎನ್ನುವವರಿಗೂ ಒಂದು ಮಾತು: 650 ಮಿಲಿಲೀಟರಿನ ಒಂದು ಸ್ಟ್ರಾಂಗ್ ಬೀರಿನಲ್ಲಿ ನೈಂಟಿಗಿಂತ ಹೆಚ್ಚು ಆಲ್ಕೋಹಾಲ್ ಇರುತ್ತದೆ.

ಮಿದುಳಿನಲ್ಲಿ ನರಗಳನ್ನು ಶಾಂತಗೊಳಿಸುವ ಗಾಬಾ ಎಂಬ ವಸ್ತುವಿದೆ, ಕೆರಳಿಸುವ ಗ್ಲುಟಮೇಟ್ ಇದೆ. ಆಲ್ಕೋಹಾಲ್ ಮೊದಲನೆಯದರ ಪರಿಣಾಮವನ್ನು ಹೆಚ್ಚಿಸಿ ಎರಡನೆಯದನ್ನು ಅಡಗಿಸುತ್ತದೆ. ಬೇಗ ಮಂಕಾಗುವುದು ಹಣೆಯ ಹಿಂದಿನ ಭಾಗ, ಹೀಗೆ ಹೇಳಬಾರದು, ಹೀಗೆ ಮಾಡಬಾರದು ಎಂದು ನಮ್ಮನ್ನು ತಡೆಯುವ ಭಾಗ. ಕುಡಿದವರ ಉತ್ಸಾಹ ಬರುವುದು ಅಲ್ಲಿಂದ, ಜಗಳವೂ ಅಲ್ಲಿಂದಲೇ. ಇನ್ನೂ ಕುಡಿದರೆ ಹೊಸ ನೆನಪನ್ನು ಬರೆದಿಡುವ ಭಾಗ ನಿಂತುಹೋಗುತ್ತದೆ. ರಾತ್ರಿ ಹೆಂಡತಿಗೆ ಹೊಡೆದದ್ದು ನೆನಪಿಲ್ಲ ಎಂದು ಬೆಳಿಗ್ಗೆ ಹೇಳುವವನು ನಿಜವನ್ನೇ ಹೇಳುತ್ತಿರಬಹುದು. ಅವಳ ಮೈಮೇಲಿನ ಬಾಸುಂಡೆಯೂ ನಿಜ, ಅದರ ಹೊಣೆ ಅವನದ್ದೇ.

ದಿನಾ ಒಂದು ಪೆಗ್ ಹೃದಯಕ್ಕೆ ಒಳ್ಳೆಯದು ಎಂಬ ಮಾತು ವಿದ್ಯಾವಂತರಲ್ಲೇ ಹೆಚ್ಚು. ಹಿಂದಿನ ಹಲವು ಅಧ್ಯಯನಗಳು, ಕಾಯಿಲೆ ಬಂದು ಕುಡಿತ ಬಿಟ್ಟವರನ್ನೂ ಕುಡಿಯದವರ ಲೆಕ್ಕಕ್ಕೆ ಸೇರಿಸಿದ್ದವು. ಹಾಗಾಗಿ ಕುಡಿಯದವರು ಹೆಚ್ಚು ಕಾಯಿಲೆಯವರಂತೆ ಕಂಡರು. 1988ರಿಂದಲೇ ಮದ್ಯ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿದೆ. ಆರೋಗ್ಯಕ್ಕೆ ಹಾನಿಯಿಲ್ಲದ ಪ್ರಮಾಣ ಎಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸ್ಪಷ್ಟವಾಗಿ ಹೇಳಿತು.

ಈಗ ವಾರ್ಡಿಗೆ ಬನ್ನಿ. ಗಾರೆ ಕೆಲಸದ ಮೇಸ್ತ್ರಿಯೊಬ್ಬರು ಸಾರುವೆಯಿಂದ ಬಿದ್ದು ತೊಡೆ ಮೂಳೆ ಮುರಿದುಕೊಂಡು ದಾಖಲಾಗಿದ್ದರು. ಮೊದಲ ದಿನ ಸರಿಯಾಗಿಯೇ ಇದ್ದರು. ಎರಡನೆಯ ದಿನ ಕೈ ನಡುಕ, ಬೆವರು. ಮೂರನೆಯ ದಿನ ರಾತ್ರಿ ಹೊದಿಕೆಯ ಮೇಲೆ ಇರುವೆ ಹರಿಯುತ್ತಿವೆ ಎಂದು ಒಂದೊಂದಾಗಿ ಹೆಕ್ಕಲು ಶುರುಮಾಡಿದರು. ಸಿಮೆಂಟು ಕಲಸೋ, ತಡ ಆಯ್ತು ಎಂದು ಪಕ್ಕದ ಹಾಸಿಗೆಯವರನ್ನು ಗದರಿಸಿದರು. ಕಟ್ಟಿದ್ದ ಕಾಲನ್ನೇ ಎಳೆದುಕೊಂಡು ಏಳಲು ಹೋದರು. ಅವರ ಹೆಂಡತಿ ಕೈಮುಗಿದು, ಡಾಕ್ಟ್ರೇ, ಗಾಳಿ ಸೋಕಿರಬೇಕು, ಯಂತ್ರ ಕಟ್ಟಿಸ್ಕೊಂಡು ಬರ್ತೀವಿ, ಕುಡಿದು ಹಿಂಗಾಡ್ತಿದಾರೆ ಅನ್ಬೇಡಿ, ಮೂರು ದಿನದಿಂದ ಒಂದು ತೊಟ್ಟೂ ಮುಟ್ಟಿಲ್ಲ ಎಂದರು. ತಾಯಿ, ಮುಟ್ಟದೇ ಇದ್ದದ್ದಕ್ಕೇ ಹೀಗಾಗಿದೆ ಎಂದು ಅವರಿಗೆ ತಿಳಿಸಿ ಹೇಳಲು ಬಹಳ ಹೊತ್ತು ಬೇಕಾಯಿತು.

ವರ್ಷಗಟ್ಟಲೆ ದಿನವೂ ಆಲ್ಕೋಹಾಲ್ ಶಾಂತಗೊಳಿಸಿದ ಮಿದುಳು ತನ್ನ ಗಾಬಾ ಜಾಗಗಳನ್ನು ಮೊಂಡು ಮಾಡಿ, ಗ್ಲುಟಮೇಟಿನ ಜಾಗಗಳನ್ನು ಹೆಚ್ಚಿಸಿಕೊಂಡಿರುತ್ತದೆ. ಕುಡಿತ ನಿಂತ ಕೂಡಲೇ ಕೆರಳಿಕೆಗೆ ತಡೆಯೇ ಇಲ್ಲವಾಗುತ್ತದೆ. 6 ಗಂಟೆಯಿಂದ ನಡುಕ, ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್, ಎರಡರಿಂದ ನಾಲ್ಕನೇ ದಿನದ ನಡುವೆ ಈ ಸನ್ನಿ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಪ್ರಾಣ ಹೋಗುತ್ತದೆ. ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಕೆಲವೇ ದಿನಗಳಲ್ಲಿ ಸರಿಹೋಗುತ್ತಾರೆ. ಆ ಮೇಸ್ತ್ರಿಯೂ ಸರಿಹೋದರು. ಗಾಬಾ ಮೇಲೆ ಕೆಲಸ ಮಾಡುವ ಮಾತ್ರೆಯನ್ನು ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾ ಬರುವುದು, ಬಿ1 ಜೀವಸತ್ವದ ಇಂಜೆಕ್ಷನ್ ಕೊಡುವುದು, ಇಷ್ಟೇ ಮುಖ್ಯವಾದದ್ದು. ತುಂಬಾ ಕುಡಿಯುವವರ ಮೈಯಲ್ಲಿ ಬಿ1 ಬರಿದಾಗಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಬಾಟಲಿ ಏರಿಸಿದರೆ ನೆನಪಿನ ಶಕ್ತಿಯೇ ಶಾಶ್ವತವಾಗಿ ಹಾಳಾಗಬಹುದು. ಸುಸ್ತಾಗಿದೆ, ಒಂದು ಡ್ರಿಪ್ ಹಾಕಿಬಿಡಿ ಎಂದು ಕೇಳುವ ಮನೆಯವರು, ಇವರು ಕುಡಿಯುತ್ತಾರೆ ಎಂಬುದನ್ನು ನಾಚಿಕೆ ಬಿಟ್ಟು ಮೊದಲೇ ಹೇಳಬೇಕು.

2020ರ ಲಾಕ್‌ಡೌನಿನಲ್ಲಿ ಮಾರ್ಚ್ ಕೊನೆಯಿಂದ ಮೇ 4ರವರೆಗೆ ರಾಜ್ಯದಲ್ಲಿ ಮದ್ಯದಂಗಡಿಗಳು ಮುಚ್ಚಿದ್ದವು. ಆಗ ಇಂಥ ಸನ್ನಿಯವರು ಆಸ್ಪತ್ರೆಗಳಿಗೆ ಒಬ್ಬರ ಹಿಂದೆ ಒಬ್ಬರು ಬಂದರು. ಆತ್ಮಹತ್ಯೆಗಳೂ ವರದಿಯಾದವು. ಪ್ರತಿ ವರ್ಷ ಕಾರ್ತಿಕದಲ್ಲಿ ಅಯ್ಯಪ್ಪ ಮಾಲೆ ಹಾಕಿದ ಮೊದಲ ವಾರದಲ್ಲೂ ಕೆಲವರನ್ನು ನಾವು ಹೀಗೇ ಕಾಣುತ್ತೇವೆ. 41 ದಿನದ ವ್ರತಕ್ಕಾಗಿ ಬಿಡುವ ಅವರ ಮನಸ್ಸು ದೊಡ್ಡದು. ಎಷ್ಟೋ ಜನ ಆ ನೆಪದಲ್ಲೇ ಶಾಶ್ವತವಾಗಿ ಬಿಟ್ಟಿದ್ದಾರೆ. ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವವರು, ಕುಡಿಯದಿದ್ದರೆ ಕೈ ನಡುಗುವವರು ಮಾತ್ರ ಮಾಲೆ ಹಾಕುವ ಒಂದು ವಾರ ಮೊದಲು ಡಾಕ್ಟರನ್ನು ಕಾಣಬೇಕು. ಗುರುಸ್ವಾಮಿಗಳು ಈ ಮಾತನ್ನು ತಮ್ಮ ಶಿಷ್ಯರಿಗೆ ಹೇಳಿದರೆ ನಮ್ಮಂಥವರ ನೂರು ಭಾಷಣಕ್ಕಿಂತ ಹೆಚ್ಚು ಉಪಕಾರವಾಗುತ್ತದೆ. ಊಟದಲ್ಲಿ ಗೊತ್ತಾಗದಂತೆ ಬೆರೆಸಿ ಕುಡಿತ ಬಿಡಿಸುವ ಪುಡಿ ಎಂದು ಮಾರುವವರನ್ನು ನಂಬಬೇಡಿ. ಕುಡಿದರೆ ವಾಂತಿ ಬರಿಸುವ ಮಾತ್ರೆಯನ್ನು ರೋಗಿಗೆ ತಿಳಿಸದೆ ಕೊಡುವುದು ಜೀವಕ್ಕೇ ಅಪಾಯ.

ನಿದ್ದೆ ಮಾತ್ರೆಗಳ ಬಗ್ಗೆ ಒಂದೇ ಮಾತು. ಅಲ್ಪ್ರಜೋಲಾಮ್‌ನಂಥವು ಕೆಲಸ ಮಾಡುವುದೂ ಇದೇ ಗಾಬಾ ಮೇಲೆ. ಯಾವಾಗಲೋ ಬರೆದುಕೊಟ್ಟ ಹಳೆಯ ಚೀಟಿ ತೋರಿಸಿ ವರ್ಷಾನುಗಟ್ಟಲೆ ನುಂಗಬೇಡಿ, ನುಂಗುತ್ತಿದ್ದರೆ ಒಮ್ಮೆಲೇ ನಿಲ್ಲಿಸಲೂಬೇಡಿ.

ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದು ಎಂದು ಬುದ್ಧಿ ಹೇಳುವವರಿಗೆ ನನ್ನ ವಿನಂತಿ. ಬಿಪಿ ಇರುವವರಿಗೆ ಮನಸ್ಸು ಗಟ್ಟಿ ಮಾಡಿ ಇಳಿಸಿಕೋ ಎಂದು ನಾವು ಹೇಳುವುದಿಲ್ಲ. ಬದಲಾದ ಮಿದುಳು ಮತ್ತೆ ಸಮಕ್ಕೆ ಬರಲು ವಾರಗಳು, ತಿಂಗಳುಗಳು ಬೇಕು, ಔಷಧಿ ಬೇಕು, ಜೊತೆಗೆ ನಿಲ್ಲುವವರು ಬೇಕು. ಬಿಟ್ಟು ಮತ್ತೆ ಹಿಡಿದವರನ್ನು ಹೀಯಾಳಿಸಬೇಡಿ. ಎಷ್ಟೋ ಜನ ಹಲವು ಸಲ ಪ್ರಯತ್ನಿಸಿದ ಮೇಲೆಯೇ ಪೂರ್ತಿ ಬಿಟ್ಟಿರುವುದು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಜಿಲ್ಲಾ ಆಸ್ಪತ್ರೆಗಳ ಮನೋವೈದ್ಯ ವಿಭಾಗಗಳಲ್ಲಿ ಇದಕ್ಕೆ ಚಿಕಿತ್ಸೆ ಇದೆ. ತಂಬಾಕು ಬಿಡಲು ಉಚಿತ ದೂರವಾಣಿ 1800-11-2356, ಮಾನಸಿಕ ಆರೋಗ್ಯದ ಯಾವುದೇ ಸಲಹೆಗೆ ಟೆಲಿ ಮಾನಸ್ 14416. ಕನ್ನಡದಲ್ಲೇ ಮಾತನಾಡುತ್ತಾರೆ.

ದಿನವೂ ಕುಡಿಯುವವರು ನಿಮ್ಮ ಮನೆಯಲ್ಲಿದ್ದು, ಇನ್ನು ಬಿಡುತ್ತೇನೆ ಎಂದು ಬಾಯಿಬಿಟ್ಟು ಹೇಳಿದರೆ, ಅದೇ ದಿನ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಬನ್ನಿ. ಮೂರನೆಯ ದಿನದವರೆಗೆ ಕಾಯಬೇಡಿ.